ಗೆದ್ದವನ ಚೀಲ

ಚೀಲದ ಪಟ್ಟಿ ಬೇರೊಬ್ಬನ ಹೆಗಲಿಗೆ ಪಳಗಿದ್ದು. ಡೂಗಲ್ ಇಮ್ರಿ ಅದನ್ನು ಎರಡು ಸಲ ಬಿಗಿ ಮಾಡಿ ನೋಡಿದ, ಒಂದು ಸಲ ಸಡಿಲಿಸಿ ನೋಡಿದ, ಆಮೇಲೆ ಹೇಗಾದರೂ ಹಾಳಾಗಿ ಹೋಗಲಿ ಎಂದು ಬಿಟ್ಟ. ಐವತ್ತೆಂಟು ವರ್ಷದ ಬಡಗಿಯ ಹೆಗಲು ಅದು, ತೊಲೆ ಹೊತ್ತು ಅಭ್ಯಾಸವಾದದ್ದು. ಹದಿನಾಲ್ಕು ಗಾಲ್ಫ್ ಕೋಲುಗಳ ತೂಕ ಅದಕ್ಕೊಂದು ಲೆಕ್ಕವಲ್ಲ. ಭಾರವಾದದ್ದು ಚೀಲದ ಮೈಮೇಲೆ ಬಿಳಿ ದಾರದಲ್ಲಿ ಹೊಲಿದಿದ್ದ ಹೆಸರು: ಗ್ರೆಗರ್ ರಾಂಕಿನ್. ಪಿಟ್‌ಹೇವನ್ ಕ್ಲಬ್ಬಿನಲ್ಲಿ ತಾತ ಮುತ್ತಾತಂದಿರ ಕಾಲದಿಂದ ನಡೆದುಬಂದ ಪದ್ಧತಿ, ಸೆಮಿಫೈನಲ್ಲಿನಲ್ಲಿ ಸೋತವನು ಫೈನಲ್ ದಿನ ತನ್ನನ್ನು ಸೋಲಿಸಿದವನ ಚೀಲ ಹೊರಬೇಕು. ಬರೀ ಹೊರುವುದಲ್ಲ, ಗಾಳಿ ನೋಡಿ ಹೇಳಬೇಕು, ಯಾವ ಕೋಲು ಎಂದು ಹೇಳಬೇಕು, ಸಂಜೆ ಕೋಲುಗಳನ್ನೆಲ್ಲ ಒರೆಸಿ ಗೆದ್ದವನ ಮನೆಬಾಗಿಲಿಗೆ ಮುಟ್ಟಿಸಬೇಕು. ಮನಸ್ಸಿನ ಕಹಿ ಇದರಿಂದ ಹೋಗುತ್ತದೆಂದು ಯಾವ ಪುಣ್ಯಾತ್ಮನಿಗೆ ಹೊಳೆದಿತ್ತೋ. ಅವನು ಯಾವತ್ತೂ ಸೆಮಿಫೈನಲ್ಲಿನಲ್ಲಿ ಸೋತವನಿರಲಿಕ್ಕಿಲ್ಲ ಎಂದುಕೊಂಡ ಡೂಗಲ್. ಮುಂದೆ ಗ್ರೆಗರ್ ಕೈ ಬೀಸಿಕೊಂಡು ಹೋಗುತ್ತಿದ್ದ, ಬಾಯಲ್ಲಿ ಶಿಳ್ಳೆ. ಫೈನಲ್ ಆಡುವವನು ಶಿಳ್ಳೆ ಹಾಕುತ್ತಾನೆ, ಚೀಲ ಹೊರುವವನಿಗೆ ರಾತ್ರಿ ನಿದ್ದೆಯಿಲ್ಲ.

ಇಡೀ ಫೈಫ್ ತೀರದಲ್ಲಿ ಈ ಮೈದಾನವನ್ನು ಡೂಗಲ್‌ನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಅದನ್ನು ಜನ ಅವನೆದುರಿಗೇ ಹೇಳುತ್ತಿದ್ದರು, ಹೇಳಿ ಗ್ರೆಗರ್‌ನ ಕಡೆ ತಿರುಗಿ ಪಂದ್ಯದ ಬೆಳ್ಳಿ ಕಪ್ಪಿನ ವಿಷಯ ಮಾತಾಡುತ್ತಿದ್ದರು. ಅವನ ಅಪ್ಪ ಇಲ್ಲಿ ಮೂವತ್ತೊಂದು ವರ್ಷ ಹುಲ್ಲು ಕತ್ತರಿಸಿದವನು. ಕ್ಲಬ್ಬಿನ ಮುಂಬಾಗಿಲಿನಿಂದ ಒಳಗೆ ಹೋಗುವ ಹಕ್ಕಿರಲಿಲ್ಲ ಅವನಿಗೆ, ಆದರೆ ಯಾವ ದಿಬ್ಬದ ಹಿಂದೆ ಚೆಂಡು ಜಾರುತ್ತದೆ, ಯಾವ ಮರಳುಗುಂಡಿಯಿಂದ ಏಳಬಹುದು, ಯಾವುದರಿಂದ ಏಳಲಾಗದು ಎಂಬುದೆಲ್ಲ ಅವನ ಅಂಗಾಲಿಗೆ ಗೊತ್ತಿತ್ತು. "ಎಲ್ಲಿಗೆ ಹೊಡೀಬೇಕು ಅಂತ ಕತ್ತೆಗೂ ಗೊತ್ತಿರುತ್ತೆ, ಎಲ್ಲಿ ತಪ್ಪಬೇಕು ಅನ್ನೋದನ್ನ ಕಲಿ" ಎನ್ನುತ್ತಿದ್ದ. ಒಂದು ಚಿಟಿಕೆ ಹುಲ್ಲು ಕಿತ್ತು ಎದೆಯೆತ್ತರದಲ್ಲಿ ಬಿಡು, ಅದು ಎತ್ತ ಹೋಗುತ್ತದೆ ನೋಡು, ಆಮೇಲೆ ಬಾವುಟ ನೋಡು, ಎಲ್ಲಕ್ಕೂ ಕೊನೆಗೆ ಬಾಯಿ ಬಿಡು. ಡೂಗಲ್ ಕಲಿತ. ಎಲ್ಲಿ ತಪ್ಪಬೇಕೋ ಅಲ್ಲೇ ತಪ್ಪುತ್ತ, ಎಲ್ಲಿ ಹಿಂದೆ ನಿಲ್ಲಬೇಕೋ ಅಲ್ಲೇ ನಿಲ್ಲುತ್ತ ನಲವತ್ತು ವರ್ಷ ಆಡಿದ. ಕ್ಲಬ್ಬಿನ ಒಳಗೋಡೆಯ ಹಲಗೆಯಲ್ಲಿ ಗೆದ್ದವರ ಹೆಸರುಗಳು ಚಿನ್ನದ ಅಕ್ಷರದಲ್ಲಿವೆ. ಹಲಗೆ ಡೂಗಲ್ ಕೈಯಾರೆ ಮಾಡಿಕೊಟ್ಟದ್ದು. ಅದರ ಮೇಲೆ ರಾಂಕಿನ್ ಹೆಸರು ಎರಡು ಕಡೆ ಇದೆ, ಇಮ್ರಿ ಎಂಬ ಹೆಸರು ಎಲ್ಲೂ ಇಲ್ಲ. ಹೋದ ಶನಿವಾರ ಸೆಮಿಫೈನಲ್ಲಿನಲ್ಲೂ ಆಗಿದ್ದು ಅದೇ. ಮೂರನೇ ಹೋಲಿನ ತೊರೆಯ ಮುಂದೆ ಡೂಗಲ್ ಶಾಸ್ತ್ರಪ್ರಕಾರ ಚೆಂಡನ್ನು ಇತ್ತಲೇ ನಿಲ್ಲಿಸಿದ್ದ. ಎದುರುಗಾಳಿಯಲ್ಲಿ ಯಾವನೂ ದಾಟಬಾರದ ತೊರೆಯನ್ನು ಗ್ರೆಗರ್ ಹಲ್ಲು ಕಿರಿಯುತ್ತ ದಾಟಿದ್ದ. ಆಗ ಕೂಡ ನೆನಪಾದದ್ದು ಅಪ್ಪನೇ. ಹುಡುಗರಾಗಿದ್ದಾಗ ಒಂದು ಸಂಜೆ ಕುಂಟೆಯ ಮೇಲೆ ಗದ್ದವೂರಿ ನಿಂತು ಗ್ರೆಗರ್ ಹೊಡೆಯುವುದನ್ನು ನೋಡುತ್ತ, ಪಕ್ಕದಲ್ಲಿ ಮಗನಿದ್ದಾನೆ ಎಂಬುದನ್ನೇ ಮರೆತು ಅಂದಿದ್ದ: "ಆ ಹುಡುಗ ಹೊಡೆಯೋದು ನೋಡೋದೇ ಒಂದು ಸುಖ."

ಫೈನಲ್ಲಿನಲ್ಲಿ ಎದುರಾಳಿ ಡನೆಟ್ ಎಂಬವನು. ಎಡಿನ್‌ಬರೋದ ಬ್ಯಾಂಕಿನವನು, ಬೇಸಗೆಗೆಂದು ಬಂದರಿನ ಹತ್ತಿರ ಮನೆ ಕೊಂಡವನು. ಪ್ರತಿ ಹೊಡೆತಕ್ಕೂ ಮುಂಚೆ ಪುಟ್ಟ ದುರ್ಬೀನೊಂದನ್ನು ಕಣ್ಣಿಗಿಟ್ಟು ದೂರ ಅಳೆಯುತ್ತಿದ್ದ. ಮೂರನೇ ಹೋಲಿನಲ್ಲಿ ತೊರೆ ಎದುರಾದಾಗ ಗ್ರೆಗರ್ ಸೊಂಟದ ಮೇಲೆ ಕೈಯಿಟ್ಟು ತಿರುಗಿದ.

"ಏನಂತೀಯ?"

ಡೂಗಲ್ ಹುಲ್ಲು ಕಿತ್ತು ಬಿಟ್ಟ. ಅದು ಅವನ ಮುಖಕ್ಕೇ ಬಂದು ಹೊಡೆಯಿತು. ಬಾವುಟ ನೋಡಿದ. "ಎಂಟನೇ ನಂಬರು ತಗೋ. ಇತ್ಲಾಗೇ ಮಲಗಿಸು."

ಕೋಲಿನ ನಂಬರು ದೊಡ್ಡದಾದಷ್ಟೂ ಹೊಡೆತ ಗಿಡ್ಡ. ಎಂಟು ಎಂದರೆ ಹೆದರಿಕೊಂಡಂತೆಯೇ.

"ದಾಟ್ತೀನಿ ಕಣೋ. ಹೋದ ಶನಿವಾರ ದಾಟ್ಲಿಲ್ವಾ?"

"ಹೋದ ಶನಿವಾರ ನಿನ್ನೆದುರು ಇದ್ದಿದ್ದು ನಾನು. ನಾನು ದಾಟಲ್ಲ ಅಂತ ನಿಂಗೆ ಗೊತ್ತಿತ್ತು, ಅದಕ್ಕೆ ಧೈರ್ಯ ಮಾಡ್ದೆ. ಇವ್ನು ಹಂಗಲ್ಲ. ನೀನು ಇಲ್ಲೇ ನಿಲ್ಲಿಸಿದ್ರೆ ಇವ್ನು ದಾಟಕ್ಕೇ ಹೋಗ್ತಾನೆ. ಹೋಗ್ಲಿ ಬಿಡು."

ಗ್ರೆಗರ್ ಎಂಟನೇ ನಂಬರಿನಲ್ಲಿ ಇತ್ತಲೇ ನಿಲ್ಲಿಸಿದ. ಡನೆಟ್ ದುರ್ಬೀನಿನಲ್ಲಿ ನೋಡಿದ, ದಾಟಿಸಲು ಹೋದ, ಚೆಂಡು ನೀರಿಗೆ ಬಿತ್ತು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವನದು ಹೋಲು, ಹದಿನೆಂಟರಲ್ಲಿ ಹೆಚ್ಚು ಹೋಲು ಗೆದ್ದವನದು ಪಂದ್ಯ. ಈ ಹೋಲು ಗ್ರೆಗರ್‌ಗೆ.

"ಥೂ ನಿನ್ನ," ಗ್ರೆಗರ್ ನಕ್ಕ. "ನೀನು ಬಡಗಿ ಆಗಬಾರ್ದಿತ್ತು ಕಣೋ, ವಕೀಲ ಆಗ್ಬೇಕಿತ್ತು."

ಹಗ್ಗದ ಆಚೆ ನಡೆದು ಬರುತ್ತಿದ್ದ ಎಫಿ, ಡೂಗಲ್‌ನ ಹೆಂಡತಿ, ಫ್ಲಾಸ್ಕಿನ ಮುಚ್ಚಳ ಹಾಕುತ್ತ ಅಂದಳು: "ಮನೇಲೂ ಹಂಗೇ ಗ್ರೆಗರ್, ಸೂಪು ಕುಡಿಯೋಕ್ ಮುಂಚೆನೂ ಗಾಳಿ ಯಾವ ಕಡೆ ಅಂತ ನೋಡ್ತಾನೆ." ನಾಲ್ಕು ಜನ ನಕ್ಕರು. ಗ್ರೆಗರ್ ಎಲ್ಲರಿಗಿಂತ ಜೋರಾಗಿ ನಕ್ಕ. ಡೂಗಲ್ ಕೂಡ ತುಟಿ ಅಗಲಿಸಿದ. ಮೂವತ್ತು ವರ್ಷದ ಸಂಸಾರದಲ್ಲಿ ತನ್ನೊಬ್ಬನೆದುರಿಗೆ ಎಫಿ ಇಂಥ ತಮಾಷೆ ಮಾಡಿದ್ದು ನೆನಪಿರಲಿಲ್ಲ. ಗ್ರೆಗರ್ ಹತ್ತಿರವಿದ್ದರೆ ಮಾತ್ರ ಅವಳ ನಾಲಿಗೆಗೆ ಜೀವ ಬರುತ್ತಿತ್ತು. ಅವಳಿಗೊಬ್ಬಳಿಗೇ ಹಾಗಲ್ಲ, ಎಲ್ಲರಿಗೂ ಹಾಗೇ. ಅವನ ಮೀನು ಕರಿಯುವ ಅಂಗಡಿಯ ಮುಂದೆ ಸಾಲು ನಿಲ್ಲುವುದು ಮೀನಿಗಲ್ಲ, ಅವನ ಬಾಯಿಗೆ. ಇದರಲ್ಲಿ ತಪ್ಪು ಹುಡುಕಲು ಡೂಗಲ್ ವರ್ಷಗಟ್ಟಲೆ ಪ್ರಯತ್ನಪಟ್ಟಿದ್ದ. ಸಿಕ್ಕಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಮುಂದಿನ ಹತ್ತು ಹೋಲುಗಳಲ್ಲಿ ಡೂಗಲ್‌ಗೆ ಒಂದು ವಿಚಿತ್ರ ಅನುಭವವಾಯಿತು. ಅವನು ಬಾಯಲ್ಲಿ ಹೇಳಿದ್ದು ಗ್ರೆಗರ್‌ನ ಕೈಯಲ್ಲಿ ಆಗುತ್ತಿತ್ತು. ಕುಳಿಯ ಬಾವುಟ ಮರೆತುಬಿಡು, ಅದರ ಸುತ್ತಲ ನುಣ್ಣನೆಯ ಗ್ರೀನಿನ ಎಡ ಮೂಲೆಗೆ ಇಳಿಸು, ಇಳಿಜಾರು ತಾನೇ ತಂದುಕೊಡುತ್ತದೆ ಎಂದರೆ ಚೆಂಡು ಎಡ ಮೂಲೆಗೆ ಇಳಿದು, ವಿಧೇಯ ನಾಯಿಯ ಹಾಗೆ ಕುಳಿಯ ಹತ್ತಿರ ಬಂದು ಕೂರುತ್ತಿತ್ತು. ಇಲ್ಲಿ ಐದು ಹೊಡೆತ ಸಾಕು, ನಾಲ್ಕರ ಆಸೆ ಬೇಡ ಎಂದರೆ ಗ್ರೆಗರ್ ಚಕಾರವೆತ್ತದೆ ಐದಕ್ಕೆ ತೃಪ್ತಿಪಡುತ್ತಿದ್ದ, ಆಸೆಗೆ ಹೋದ ಡನೆಟ್ ಆರು ಮಾಡಿಕೊಳ್ಳುತ್ತಿದ್ದ. ನಲವತ್ತು ವರ್ಷ ಡೂಗಲ್‌ನ ತಲೆಯಲ್ಲಿ ಮಾತ್ರ ಇದ್ದ ಆಟ ಇವತ್ತು ಬಯಲಿನಲ್ಲಿ, ಬಿಸಿಲಿನಲ್ಲಿ, ಜನರೆದುರಿಗೆ ನಡೆಯುತ್ತಿತ್ತು. ತಲೆ ತನ್ನದು, ಕೈ ಅವನದು. ಹೆಮ್ಮೆಯಾಗಬೇಕಿತ್ತು, ಒಂದೆರಡು ಕಡೆ ಆಯಿತು ಕೂಡ; ಆದರೆ ಅದರ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತಿತ್ತು. ಇದೇ ತಲೆ, ಇದೇ ಮೈದಾನ, ತನ್ನ ಕೈಗೆ ಏನಾಗಿತ್ತು ದಾಡಿ? ಸಣ್ಣ ಹೊಡೆತಗಳಲ್ಲಿ ಅವನ ಬಲ ಮಣಿಕಟ್ಟು ನಡುಗುತ್ತಿತ್ತು, ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಇಷ್ಟಾದರೂ ಡನೆಟ್ ಸಾಮಾನ್ಯದವನಲ್ಲ, ಬೇರೆ ಹೋಲುಗಳಲ್ಲಿ ಚೆನ್ನಾಗಿ ಹೊಡೆದು ಹದಿಮೂರರ ಹೊತ್ತಿಗೆ ಲೆಕ್ಕ ಸಮ ಮಾಡಿಕೊಂಡಿದ್ದ.

ಹದಿನಾಲ್ಕನೆಯದು ಕುರುಡು ಹೋಲು. ಎದುರಿಗೆ ದೊಡ್ಡ ಮರಳದಿಬ್ಬ, ಆಚೆ ಏನಿದೆ ಕಾಣುವುದಿಲ್ಲ. ದಿಬ್ಬದ ನೆತ್ತಿಯ ಮೇಲೆ ಸುಣ್ಣ ಬಳಿದ ಕಲ್ಲೊಂದಿದೆ, ಎಲ್ಲರೂ ಅದರ ನೇರಕ್ಕೆ ಹೊಡೆಯುತ್ತಾರೆ. ಕಲ್ಲಿನ ನೇರಕ್ಕೆ ಹೋದ ಚೆಂಡು ಆಚೆ ಇಳಿಜಾರಿನಲ್ಲಿ ಬಲಕ್ಕೆ ಜಾರಿ ಜೌಗಿಗೆ ಹೋಗುವುದೇ ಹೆಚ್ಚು. ಡೂಗಲ್‌ಗೆ ಹದಿನೇಳು ವರ್ಷವಾಗಿದ್ದಾಗ ಅಪ್ಪ ಅಡುಗೆಮನೆಯ ಬಾಗಿಲು ಹಾಕಿ, ಬೂಟಿನ ಕೆಸರು ಕೆರೆಯುತ್ತ ಹೇಳಿದ್ದ: "ಕಲ್ಲು ಇಟ್ಟೋನು ನಾನೇ, ಅದು ಎಲ್ಲರಿಗೆ. ನೀನು ಕಲ್ಲು ನೋಡ್ಬೇಡ. ದೂರದಲ್ಲಿ ಹೊಗೆಮನೆ ಇದೆಯಲ್ಲ, ಮೀನು ಒಣಗಿಸೋದು, ಅದರ ಎಡಗಡೆ ಚಿಮಣಿ ನೋಡು. ಇದು ನಿಂಗೆ ಮಾತ್ರ." ಅಪ್ಪ ಆಸ್ತಿ ಎಂದು ಬಿಟ್ಟುಹೋದದ್ದು ಆ ಚಿಮಣಿಯನ್ನೇ. ಡೂಗಲ್ ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಯಾರಿಗೂ ಗುಟ್ಟು ಸಿಗಬಾರದೆಂದು ನಲವತ್ತು ವರ್ಷ ಕಲ್ಲಿನ ಕಡೆಗೇ ಪಾದ ಇಟ್ಟು ನಿಂತು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಚಿ ಚೆಂಡನ್ನು ಎಡಕ್ಕೆಳೆಯುತ್ತಿದ್ದ. ಆ ತಿರುಚಾಟದಲ್ಲಿ ಎಷ್ಟೋ ಸಲ ಚೆಂಡು ಹಾಳಾಗಿತ್ತು, ಆದರೂ ಗುಟ್ಟು ಉಳಿದಿತ್ತು. ಈಗ ಏನು ಹೇಳುವುದೆಂದು ಯೋಚಿಸುತ್ತ ಬಂದ. ಕಲ್ಲು ಎಂದರೆ ಸುಳ್ಳಲ್ಲ, ಎಲ್ಲರೂ ಹೇಳುವುದೇ. ಚಿಮಣಿ ಎಂದರೆ ಅಪ್ಪನನ್ನು ಕೊಟ್ಟ ಹಾಗೆ. ಹುಲ್ಲು ಕೀಳಲು ಬಗ್ಗಿದ. ತಲೆಯೆತ್ತುವಷ್ಟರಲ್ಲಿ ಗ್ರೆಗರ್ ನಿಂತಾಗಿತ್ತು. ಅವನ ಪಾದ, ಮೊಣಕಾಲು, ಭುಜ ಎಲ್ಲ ಕಲ್ಲಿನಿಂದ ಒಂದು ಗೇಣು ಎಡಕ್ಕೆ, ನೇರ ಚಿಮಣಿಗೆ.

"ಕಲ್ಲು ಆ ಕಡೆ ಇದೆ," ಅಂದ ಡೂಗಲ್.

"ಕಲ್ಲು ಬೇಡ ಕಣೋ, ಚಿಮಣಿ. ನಿಮ್ಮಪ್ಪ ಹೇಳಿದ್ದು. ಮರೆತೇ ಹೋಗಿತ್ತು ನೋಡು, ಇವತ್ತು ಬಿಸಿಲು ಬಿದ್ದು ಹೊಳೀತಲ್ಲ, ಜ್ಞಾಪಕ ಬಂತು. ನಿಂಗೂ ಹೇಳಿರ್ಬೇಕಲ್ಲ?"

"ಯಾವಾಗ ಹೇಳಿದ?"

"ಯಾವ ಕಾಲದ್ದೋ ಮಾರಾಯ. ಹುಡುಗ್ರು ನಾವು. 'ನಿಂಗೆ ಮಾತ್ರ' ಅಂದಿದ್ದ ಮುದುಕ," ಎಂದು ನಕ್ಕು ಗ್ರೆಗರ್ ಹೊಡೆದ. ಚೆಂಡು ದಿಬ್ಬದ ಮೇಲೆ ಹಾದು ಕಣ್ಮರೆಯಾಯಿತು. ಆಚೆ ನಿಂತಿದ್ದ ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಡನೆಟ್ ಕಲ್ಲಿನ ನೇರಕ್ಕೆ ಹೊಡೆದು ಜೌಗಿಗೆ ಹೋದ. ಗ್ರೆಗರ್ ಒಂದು ಹೋಲು ಮುಂದೆ.

ದಿಬ್ಬ ಹತ್ತುವಾಗ ಡೂಗಲ್‌ಗೆ ಮರಳು ಕಾಲಡಿಯಲ್ಲಿ ಕುಸಿಯುತ್ತಿರುವುದೂ ತಿಳಿಯಲಿಲ್ಲ. ಹೇಳಿದ್ದರೂ ಹೇಳಲಿ, ಅದನ್ನು ಇವನು ಮರೆತಿದ್ದ. ತಾನು ನಲವತ್ತು ವರ್ಷ ಎದೆಯೊಳಗೆ ಬಚ್ಚಿಟ್ಟು, ಅದಕ್ಕಾಗಿ ಆಟ ಹಾಳುಮಾಡಿಕೊಂಡು, ಅಪ್ಪನ ಸಾವಿನ ಮನೆಯಲ್ಲೂ ನೆನೆದು ಸಮಾಧಾನಪಟ್ಟ ಒಂದೇ ಒಂದು ಮಾತನ್ನು ಇವನು ಜೇಬಿನಲ್ಲಿ ಹಳೆಯ ಬಸ್ಸು ಟಿಕೆಟು ಸಿಕ್ಕ ಹಾಗೆ ಹೊರಗೆ ತೆಗೆದ. ಅಪ್ಪ ಅದೇ ಧ್ವನಿಯಲ್ಲಿ ಹೇಳಿದ್ದನೇ? ಬಾಗಿಲು ಹಾಕಿದ್ದನೇ? ಮೊದಲು ಯಾರಿಗೆ ಹೇಳಿದ್ದ? ಇವನಿಗೆ ಹೇಳಿ, ಪಾಪ, ಹೆತ್ತ ಮಗನಿಗೂ ಹೇಳದಿದ್ದರೆ ಚೆನ್ನಾಗಿರುವುದಿಲ್ಲ ಎಂದು ತನಗೆ ಹೇಳಿದನೇ? ಸತ್ತವನ ಕೊರಳಪಟ್ಟಿ ಹಿಡಿದು ಕೇಳುವ ಹಾಗಿಲ್ಲ. ಹದಿನೈದು, ಹದಿನಾರು ಸಮಸಮವಾಗಿ ಮುಗಿದವು. ಡೂಗಲ್ ಹುಲ್ಲು ಹಾರಿಸಿದ, ನಂಬರು ಹೇಳಿದ, ಹೇಳಿದ್ದು ಸರಿಯಾಗಿಯೇ ಇತ್ತು. ಬಾಯಿ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಒಳಗೆ ಮಾತ್ರ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು: ಇವನು ಸೋಲಬೇಕು. ತಾನು ಗೆಲ್ಲದಿದ್ದರೂ ಚಿಂತೆಯಿಲ್ಲ, ಇವನು ಸೋಲಬೇಕು, ಅದನ್ನು ತಾನು ಹತ್ತಿರದಿಂದ ನೋಡಬೇಕು.

ಹದಿನೇಳನೆಯ ಹೋಲು ಗಿಡ್ಡ, ನೂರ ಅರವತ್ತೈದು ಗಜ. ಹೊಡೆಯುವ ಜಾಗ ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿದೆ, ಗ್ರೀನು ಕೂಡ ತಗ್ಗಿನಲ್ಲಿ. ಇಲ್ಲಿ ನಿಂತವನ ಕೂದಲೂ ಅಲುಗುವುದಿಲ್ಲ, ಅಲ್ಲಿ ಬಾವುಟ ಒಗೆದು ಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ. ಆದರೆ ನಡುವೆ, ದಿಬ್ಬದ ಮೇಲ್ಗಡೆ, ಬೆನ್ನ ಹಿಂದಿನಿಂದ ಗಾಳಿ ಭೋರೆಂದು ಹೋಗುತ್ತಿರುತ್ತದೆ, ಚೆಂಡನ್ನು ಎತ್ತಿಕೊಂಡು ಗ್ರೀನಿನ ಹಿಂದಿನ ಕಲ್ಲಿನ ಗೋಡೆ ದಾಟಿಸಿ ಸಮುದ್ರದಂಡೆಗೆ ಎಸೆಯುತ್ತದೆ. ಈ ಮೋಸ ಗೊತ್ತಾಗಬೇಕಾದರೆ ಹುಲ್ಲನ್ನು ತಲೆಯ ಮೇಲೆ, ಎತ್ತರಕ್ಕೆ ಎಸೆಯಬೇಕು. ಎಸೆಯದೆಯೂ ಡೂಗಲ್‌ಗೆ ಗೊತ್ತಿತ್ತು. ಮೇಲೆ ಕಡಲಹಕ್ಕಿಯೊಂದು ರೆಕ್ಕೆ ಬಡಿಯದೆಯೇ ಸರ್ರನೆ ಹೋಯಿತು. ಏಳನೇ ನಂಬರು. ಮುಂದಿನ ಅಂಚಿಗೆ ಇಳಿಸಿ ಉರುಳಲು ಬಿಡಬೇಕು. ಅದಕ್ಕಿಂತ ಚಿಕ್ಕ ನಂಬರಾದರೆ ಚೆಂಡು ಗೋಡೆಯಾಚೆಗೇ. ಗ್ರೆಗರ್‌ದೇ ಮೊದಲ ಹೊಡೆತ. ಈ ಹೋಲು ಗೆದ್ದರೆ ಎರಡು ಮುಂದೆ, ಉಳಿಯುವುದು ಒಂದೇ, ಕಪ್ಪು ಅವನದು. ಕ್ಲಬ್ಬಿನ ಕ್ಯಾಪ್ಟನ್ ಮಿಸೆಸ್ ಲೀಶ್ಮನ್ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು, ಅವಳ ಪಕ್ಕದಲ್ಲಿ ಎಫಿ.

"ಏನಂತೀಯ?" ಕೇಳಿದ ಗ್ರೆಗರ್.

"ಐದು," ಅಂದ ಡೂಗಲ್.

ಹೇಳಿ, ತಾನೇ ಚೀಲದಿಂದ ಐದನೇ ನಂಬರಿನ ಕೋಲು ಎಳೆದು ಹಿಡಿ ಮುಂದೆ ಮಾಡಿ ಕೊಟ್ಟ. ಗ್ರೆಗರ್ ಅವನ ಮುಖ ನೋಡಿದ. ಆಮೇಲೆ ಅವನ ಕೈ ನೋಡಿದ. ಹೆಚ್ಚೆಂದರೆ ಎರಡು ಉಸಿರಿನಷ್ಟು ಹೊತ್ತು. ಬೇಡ, ಏಳು ತಗೋ, ತಪ್ಪಿ ಹೇಳಿದೆ ಎಂಬ ಮಾತು ಡೂಗಲ್‌ನ ಗಂಟಲಿನ ತನಕ ಬಂತು. ಬಂದದ್ದು ಅಲ್ಲೇ ಕೂತಿತು. "ಐದು ಅಂದ್ರೆ ಐದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗ್ರೆಗರ್ ಕೋಲು ತೆಗೆದುಕೊಂಡ. ಚೆಂಡಿನ ಮುಂದೆ ನಿಂತ. ಅವನ ಕೈಗಳು ಹಿಡಿಯ ಮೇಲೆ ಕೆಳಕೆಳಗೆ ಜಾರಿದವು, ಒಂದು ಬೆರಳು, ಎರಡು ಬೆರಳು, ಕೊನೆಗೆ ಬಲಗೈಯ ಕಿರುಬೆರಳು ಹೆಚ್ಚುಕಡಿಮೆ ಉಕ್ಕನ್ನೇ ಮುಟ್ಟುತ್ತಿತ್ತು. ಇಷ್ಟು ಗಿಡ್ಡಕ್ಕೆ ಹಿಡಿದು ಇಡೀ ಜನ್ಮದಲ್ಲಿ ಅವನು ಹೊಡೆದದ್ದನ್ನು ಡೂಗಲ್ ನೋಡಿರಲಿಲ್ಲ. ಅರ್ಧವೇ ಎತ್ತಿದ, ತಳ್ಳಿದ ಹಾಗೆ ಹೊಡೆದ. ಚೆಂಡು ದಿಬ್ಬದೆತ್ತರಕ್ಕೆ ಏಳಲೇ ಇಲ್ಲ, ಗಾಳಿಯ ಕೆಳಗಿನಿಂದಲೇ ನುಸುಳಿ, ಗ್ರೀನಿಗೆ ಬಹಳ ಮುಂಚೆ ನೆಲಕ್ಕೆ ಬಿದ್ದು, ಓಡಿ ಓಡಿ ಕುಳಿಯಿಂದ ಮೂರಡಿಯಲ್ಲಿ ನಿಂತಿತು. ಜನ ಕೂಗಿದರು. ಡನೆಟ್ ದುರ್ಬೀನಿನಲ್ಲಿ ದೂರ ಓದಿಕೊಂಡ, ಅದಕ್ಕೆ ಸರಿಯಾಗಿ ಆರನೇ ನಂಬರಿನಲ್ಲಿ ಚೆನ್ನಾಗಿಯೇ ಹೊಡೆದ. ಗಾಳಿ ಅವನ ಚೆಂಡನ್ನು ಎತ್ತಿಕೊಂಡು ಗೋಡೆ ದಾಟಿಸಿತು. ಅಲ್ಲಿಗೆ ಮುಗಿಯಿತು.

ಗ್ರೆಗರ್‌ಗೆ ಗೊತ್ತಾಗಿದೆ. ಕ್ಲಬ್ಬಿನ ತನಕ ನಡೆಯುವ ಕಾಲು ಗಂಟೆ ಡೂಗಲ್‌ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಅವನಿಗೆ ಗೊತ್ತಾಗಿದೆ, ಈಗ ಹೇಳುತ್ತಾನೆ, ಕಪ್ಪು ಕೈಗೆ ಬಂದ ಮೇಲೆ ಎಲ್ಲರೆದುರಿಗೆ ಹೇಳುತ್ತಾನೆ. ಹೇಳಲಿ ಎಂದೂ ಅನ್ನಿಸುತ್ತಿತ್ತು. ಒಮ್ಮೆ ಊರೆಲ್ಲ ಉಗಿದರೆ ತೀರಿತು, ಆಮೇಲಾದರೂ ಇವನನ್ನು ನೇರವಾಗಿ ದ್ವೇಷಿಸಬಹುದು. ಒಳಗೆ ಮಿಸೆಸ್ ಲೀಶ್ಮನ್ ಕಪ್ಪಿಗೆ ವಿಸ್ಕಿ ಸುರಿದಳು. ಮೊದಲ ಗುಟುಕು ಚೀಲ ಹೊತ್ತವನದು, ಅದೂ ಪದ್ಧತಿಯೇ. ಗ್ರೆಗರ್ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಡೂಗಲ್‌ನ ಎದುರು ನಿಂತ.

"ಹದಿನೇಳರಲ್ಲಿ ನಾನಾಗಿದ್ರೆ ಏಳು ತಗೋತಿದ್ದೆ," ಅಂದ, ಹಾಲಿಗೆಲ್ಲ ಕೇಳುವ ಹಾಗೆ. "ಇವ್ನು ಐದು ಅಂದ. ನೀವೇ ಕೇಳಿದೀರಿ. ತಗ್ಗಿಸಿ ಓಡಿಸು ಅಂತ ಬಾಯಿ ಬಿಟ್ಟು ಹೇಳ್ಬೇಕಾ, ಕೋಲು ಕೊಟ್ರೆ ಗೊತ್ತಾಗಲ್ವಾ? ಗೆದ್ದಿದ್ದು ಈ ತಲೆ. ಕುಡಿಯೋ."

ಜನ ಮೇಜು ಬಡಿದರು. ಎಫಿ ಕಣ್ಣೊರೆಸಿಕೊಂಡಳು, ಅವಳು ಗಂಡನನ್ನು ಅಂಥ ಕಣ್ಣಿನಿಂದ ನೋಡಿ ಎಷ್ಟು ಕಾಲವಾಗಿತ್ತೋ. ಡೂಗಲ್ ಕಪ್ಪಿಗೆ ಬಾಯಿ ಹಚ್ಚಿದ. ಹಲ್ಲಿಗೆ ಬೆಳ್ಳಿ ತಾಗಿತು. ಎದುರಿನ ಗೋಡೆಯಲ್ಲಿ ತಾನೇ ಉಜ್ಜಿ ನುಣುಪು ಮಾಡಿದ ಹಲಗೆ ಇತ್ತು, ಮೂರನೇ ಸಲ ರಾಂಕಿನ್ ಎಂದು ಬರೆಯುವಷ್ಟು ಜಾಗವಿತ್ತು.

ಕೋಲು ಒರೆಸುವ ಕೊಠಡಿ ಕ್ಲಬ್ಬಿನ ಹಿಂದೆ, ಅಪ್ಪ ಕಟಾವಿನ ಯಂತ್ರ ಇಡುತ್ತಿದ್ದ ಕಡೆ. ಡೂಗಲ್ ಒದ್ದೆ ಬಟ್ಟೆ ಹಿಡಿದು ಕೂತ. ಒಂದೊಂದೇ ಒರೆಸಿದ, ಐದನೇ ನಂಬರನ್ನು ಕೊನೆಗೆ ಇಟ್ಟುಕೊಂಡ. ಗ್ರೆಗರ್ ತಟ್ಟೆಯಲ್ಲಿ ಎರಡು ಮಾಂಸದ ಪೈ ಹಿಡಿದು ಬಂದು, ತಟ್ಟೆಯನ್ನು ಕಿಟಕಿಯಲ್ಲಿಟ್ಟು, ಬಾಗಿಲಿಗೆ ಒರಗಿ ನಿಂತ.

"ಹುಲ್ಲು ಹಾರಿಸ್ಲಿಲ್ಲ ನೀನು," ಅಂದ.

ಡೂಗಲ್ ಒರೆಸುತ್ತಲೇ ಇದ್ದ.

"ಐವತ್ತು ವರ್ಷದಿಂದ ನೋಡ್ತಿದೀನಿ. ಹುಲ್ಲು ಹಾರಿಸ್ದೆ ಒಂದು ನಂಬರು ಹೇಳಿದೋನಲ್ಲ ನೀನು. ಬಾಯಿ ಐದು ಅಂತು, ಕೈ ಸುಮ್ನೆ ಜೋತಾಡ್ತಿತ್ತು."

"ಮತ್ತೆ ಯಾಕೆ ತಗೊಂಡೆ?"

"ಬೇಡ ಅಂತ ವಾಪಸ್ ಕೊಡ್ಲಾ, ಎಫಿ ಎದುರಿಗೆ?"

"ಬೈಯೋ," ಅಂದ ಡೂಗಲ್. ಬೇಡಿಕೊಂಡ ಹಾಗೆ ಕೇಳಿಸಿತು ಅವನಿಗೇ.

ಗ್ರೆಗರ್ ಮೂಗು ಉಜ್ಜಿಕೊಂಡ. "ಏನಂತ ಬೈಲಿ. ಮುದುಕಂದೇ ತಪ್ಪು. ಇಬ್ರಿಗೂ 'ನಿಂಗೆ ಮಾತ್ರ' ಅನ್ನಬಾರ್ದಿತ್ತು. ನಾನೂ ಅಲ್ಲಿ ಬಾಯಿ ಬಿಡಬಾರ್ದಿತ್ತು." ಕಿಟಕಿಯಲ್ಲಿದ್ದ ತಟ್ಟೆಯನ್ನು ಒಳಕ್ಕೆ ಸರಿಸಿದ. "ಬರೋ ವರ್ಷ ನೀನು ನನ್ನ ಸೋಲಿಸಿದ್ರೆ ಚೀಲ ಹೊರೋನು ನಾನು. ನಾನು ಹೇಳಿದ ನಂಬರು ತಗೋತೀಯಾ?"

ತಗೋತೀನಿ ಎಂದುಬಿಡುವುದು ಸುಲಭವಿತ್ತು. ಬಾಗಿಲಲ್ಲಿ ನಿಂತವನು ಅದನ್ನು ನಂಬಿ, ಬೆನ್ನು ತಟ್ಟಿ ಹೋಗುತ್ತಿದ್ದ, ಎಲ್ಲ ಮೊದಲಿನ ಹಾಗೇ ಇರುತ್ತಿತ್ತು. ಡೂಗಲ್ ಕಣ್ಣೆದುರಿಗೆ ತಂದುಕೊಂಡು ನೋಡಿದ: ಹದಿನೇಳರ ತಗ್ಗಿನಲ್ಲಿ ತಾನು ನಿಂತಿದ್ದೇನೆ, ಗ್ರೆಗರ್ ನಂಬರು ಹೇಳುತ್ತಾನೆ, ತಾನು ಅವನ ಮುಖ ನೋಡುತ್ತೇನೆ, ಎಫಿ ನೋಡುತ್ತಿದ್ದಾಳೆ ಎಂದು ಕೂಡ ಲೆಕ್ಕಿಸದೆ ಬಗ್ಗಿ ತನ್ನ ಹುಲ್ಲನ್ನು ತಾನೇ ಕಿತ್ತು ಎಸೆಯುತ್ತೇನೆ.

"ಇಲ್ಲ," ಅಂದ.

"ಗೊತ್ತಿತ್ತು," ಅಂದ ಗ್ರೆಗರ್. ಕೋಪವಿರಲಿಲ್ಲ. "ಪೈ ಆರ್ತಿದೆ, ತಿನ್ನು," ಎಂದು ತನ್ನದನ್ನು ಎತ್ತಿಕೊಂಡು ಹೊರಗೆ ಹೋದ. ಅಂಗಳದಲ್ಲಿ ಅವನ ಶಿಳ್ಳೆ ಕೇಳಿಸಿತು.

ಡೂಗಲ್ ಐದನೇ ನಂಬರನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಹಿಡಿಯ ತೀರ ಕೆಳಗೆ, ಯಾರೂ ಕೈಯಿಡದ ಕಡೆ, ಬೆವರಿನಲ್ಲಿ ನಾಲ್ಕು ಬೆರಳಿನ ಗುರುತು ಒಣಗಿತ್ತು. ಇಷ್ಟು ವರ್ಷ ಗ್ರೆಗರ್‌ನ ಕೈಗೆ ಹೊಟ್ಟೆ ಉರಿದುಕೊಂಡದ್ದಾಯಿತು. ಇನ್ನು ಅವನ ದೊಡ್ಡ ಮನಸ್ಸಿಗೂ ಉರಿದುಕೊಳ್ಳಬೇಕು, ಅದರಲ್ಲಿ ಅವನನ್ನು ಸೋಲಿಸಲು ಸೆಮಿಫೈನಲ್ಲೂ ಇಲ್ಲ, ಫೈನಲ್ಲೂ ಇಲ್ಲ. ಗುರುತನ್ನು ಒರೆಸಿದ. ಕೋಲನ್ನು ಚೀಲಕ್ಕೆ ಹಾಕಿ, ಪಟ್ಟಿ ಇದ್ದ ಹಾಗೆಯೇ ಹೆಗಲಿಗೇರಿಸಿ, ರಾಂಕಿನ್ನರ ಮನೆಯ ಕಡೆ ಹೊರಟ.